ಎಕ್ಕದೆಲೆ ತಿಂದ ಪಾತರಗಿತ್ತಿ

ಹೆಣ್ಣುಮಕ್ಕಳ ಪಾಠಶಾಲೆಗಳ ಸ್ಮರಣಸಂಚಿಕೆಗಳಲ್ಲಿ ಚಿಟ್ಟೆಯ ಚಿತ್ರವಿಲ್ಲದುದನ್ನು ಕಾಣುವುದು ದುರ್ಲಭವೇ ಸರಿ. ಹೊದಿಕೆಯ ಮೇಲಿಲ್ಲದಿದ್ದರೆ ಒಳಪುಟದ ಅಂಚಿನಲ್ಲಾದರೂ ಅದು ಕುಳಿತಿರುವುದು. ಬೀಳ್ಕೊಡುವ ಸಭೆಗಳಲ್ಲಿ ಹಿರಿಯರು ಆಡುವ ಮಾತಿನಲ್ಲಿಯೂ ಇದೇ ಉಪಮಾನವು ಬರುವುದು: ಇಷ್ಟು ದಿನ ಗೂಡಿನಲ್ಲಿದ್ದ ನಮ್ಮ ಬಾಲೆಯರು ಇಂದು ರೆಕ್ಕೆ ಬಿಚ್ಚಿ ಹಾರುವರು ಎಂದು. ಈ ಮಾತನ್ನು ಪ್ರೀತಿಯಿಂದಲೇ ಆಡುವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದನ್ನಾಡುವವರ ಮನಸ್ಸಿನಲ್ಲಿರುವ ಚಿಟ್ಟೆಯು ಹಗುರವಾದುದು, ಅಂದವಾದುದು, ಯಾರಿಗೂ ಯಾವ ತೊಂದರೆಯನ್ನೂ ಕೊಡದುದು. ಅಂತಹ ಚಿಟ್ಟೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಹೋಲಿಸುವುದು ಚಿಟ್ಟೆಗೂ ನ್ಯಾಯವಲ್ಲ, ಮಕ್ಕಳಿಗೂ ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಈ ಸಂಗತಿಯನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ಪ್ರೌಢಶಾಲೆಯನ್ನು ಮುಗಿಸಿದ ಹುಡುಗಿಯರಲ್ಲಿ ಕೆಲವರು ವೈದ್ಯರಾಗಬೇಕೆನ್ನುವರು, ಕೆಲವರು ಉಪಾಧ್ಯಾಯಿನಿಯರಾಗಬೇಕೆನ್ನುವರು. ತಾಯಿತಂದೆಗಳು ಸಂತೋಷದಿಂದ ಒಪ್ಪುವರು. ಆದರೆ ಒಬ್ಬಳು, ನಾನು ವೃತ್ತಪತ್ರಿಕೆಯಲ್ಲಿ ಬರೆಯುವವಳಾಗುತ್ತೇನೆ ಎಂದಳೋ, ಮನೆಯಲ್ಲಿ ಮೌನವು ಕವಿಯುವುದು. ಆ ಕೆಲಸವು ಗಂಡಸರಿಗೇ ಅಪಾಯಕರವಾಗಿರಲು ಹೆಣ್ಣುಮಗಳಿಗೆ ತಕ್ಕುದೇ ಎಂಬುದು ಅವರ ಶಂಕೆ. ಶಂಕೆಯು ನಿರಾಧಾರವಾದುದಲ್ಲ. ಆದರೆ ಅದಕ್ಕೆ ಉತ್ತರವು ನಾವು ಅಂಚುಪಟ್ಟಿಗಾಗಿ ಬಳಸಿಕೊಳ್ಳುತ್ತಿರುವ ಈ ಚಿಟ್ಟೆಯಲ್ಲಿಯೇ ಇದೆಯೆಂದು ತೋರಿಸಬೇಕೆಂದಿರುವೆನು.

ಊರ ಹೊರಗೆ, ಹಾಳುಗೋಡೆಗಳ ಬಳಿಯಲ್ಲಿ, ರೈಲುದಾರಿಯ ಪಕ್ಕದಲ್ಲಿ ಬೆಳೆಯುವ ಎಕ್ಕದ ಗಿಡವನ್ನು ವಾಚಕರೆಲ್ಲರೂ ಬಲ್ಲರು. ಅದರ ಎಲೆಯನ್ನು ಮುರಿದರೆ ಬಿಳಿಯ ಹಾಲು ಸುರಿಯುವುದು. ಆ ಹಾಲು ಕಣ್ಣಿಗೆ ತಗಲಬಾರದೆಂದು ಅಜ್ಜಿಯರು ಮಕ್ಕಳನ್ನು ಗದರಿಸುವರು. ಮೇಯುವ ದನವೂ ಅದಕ್ಕೆ ಬಾಯಿ ಹಾಕಲೊಲ್ಲದು. ಇಂತಹ ಗಿಡದ ಎಲೆಯ ಮೇಲೆ ಒಂದು ಜಾತಿಯ ಪಾತರಗಿತ್ತಿಯು ತನ್ನ ಮೊಟ್ಟೆಗಳನ್ನು ಒಂದೊಂದಾಗಿ ಇಡುವುದು. ಕಿತ್ತಳೆ ಬಣ್ಣದ ರೆಕ್ಕೆ, ಅದರ ತುದಿಯಲ್ಲಿ ಕಪ್ಪು, ಆ ಕಪ್ಪಿನ ನಡುವೆ ಬಿಳಿಯ ಪಟ್ಟೆ: ಇದು ಅದರ ಗುರುತು. ಇಂಗ್ಲಿಷರು ಇದನ್ನು ಪ್ಲೇನ್ ಟೈಗರ್ ಎಂದು ಕರೆಯುವರು. ಮೊಟ್ಟೆಯೊಡೆದು ಬಂದ ಹುಳುವಿನ ಮೈಯ ಮೇಲೆ ಕಪ್ಪು, ಬಿಳಿ, ಹಳದಿಯ ಪಟ್ಟೆಗಳಿರುವುವು. ದನವು ಮುಟ್ಟದ ಎಲೆಯೇ ಅದಕ್ಕೆ ಆಹಾರ. ಎಲೆಯ ನರವನ್ನು ಮೊದಲು ಕಚ್ಚಿ ಹಾಲಿನ ಹರಿವನ್ನು ತಡೆದು, ಆಮೇಲೆ ಅದು ತಿನ್ನತೊಡಗುವ ಜಾಣ್ಮೆಯನ್ನು ನೋಡತಕ್ಕದ್ದು! ಎಕ್ಕದಲ್ಲಿರುವ ವಿಷವು ಹುಳುವನ್ನು ಕೊಲ್ಲುವುದಿಲ್ಲ. ಹುಳುವು ಅದನ್ನು ತನ್ನ ಮೈಯಲ್ಲಿ ಕೂಡಿಡುವುದು. ಹುಳುವು ಕೋಶವಾಗಿ, ಕೋಶವು ಪಾತರಗಿತ್ತಿಯಾದ ಮೇಲೆಯೂ ಆ ಕಹಿಯು ಮೈಯಲ್ಲಿ ಉಳಿದಿರುವುದು.

ಈಗ ಆ ಪಾತರಗಿತ್ತಿಯ ಹಾರಾಟವನ್ನು ಗಮನಿಸಿರಿ. ಬೇರೆ ಚಿಟ್ಟೆಗಳು ಹಕ್ಕಿಗೆ ಹೆದರಿ ಎಲೆಯ ಬಣ್ಣವನ್ನೋ ತೊಗಟೆಯ ಬಣ್ಣವನ್ನೋ ತಳೆದು ಅಡಗುವುವು; ಇಲ್ಲವೆ ಕಣ್ಣಿಗೆ ಸಿಕ್ಕದಂತೆ ಚಿಮ್ಮುತ್ತ ಹಾರುವುವು. ಇದಾದರೋ ನಡುಹಗಲಿನಲ್ಲಿ, ಬಯಲಿನಲ್ಲಿ, ಎಲ್ಲರಿಗೂ ಕಾಣುವ ಬಣ್ಣವನ್ನು ತೊಟ್ಟು ನಿಧಾನವಾಗಿ ಹಾರಾಡುವುದು. ಅದರ ನಿರ್ಭೀತಿಯು ರೆಕ್ಕೆಯಿಂದ ಬಂದುದಲ್ಲ. ಹುಳುವಾಗಿದ್ದಾಗ ತಿಂದು ಅರಗಿಸಿಕೊಂಡುದರಿಂದ ಬಂದುದು.

ಇದು ಕವಿಕಲ್ಪನೆಯೆಂದು ಯಾರೂ ಎಣಿಸಬಾರದು. ಇದೇ ಕುಲಕ್ಕೆ ಸೇರಿದ ಮೊನಾರ್ಕ್ ಎಂಬ ಚಿಟ್ಟೆಯು ಅಮೇರಿಕೆಯಲ್ಲಿದೆ. ಲಿಂಕನ್ ಬ್ರೋವರ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ 1960ರ ದಶಕದಲ್ಲಿ ಅದರ ಮೇಲೆ ಪರೀಕ್ಷೆಗಳನ್ನು ನಡೆಯಿಸಿದರು. ಹಾಲುಗಿಡದ ಮೇಲೆ ಬೆಳೆದ ಮೊನಾರ್ಕನ್ನು ನುಂಗಿದ ಹಕ್ಕಿಯು ವಾಂತಿಮಾಡಿಕೊಂಡಿತು. ಆಮೇಲೆ ಅಂತಹ ಚಿಟ್ಟೆಯನ್ನು ಕಂಡರೆ ಮುಟ್ಟಲೊಲ್ಲದಾಯಿತು. ಆ ಪಂಡಿತರು ಇನ್ನೊಂದು ಪ್ರಯೋಗವನ್ನೂ ಮಾಡಿದರು. ನನಗೆ ಅದೇ ಹೆಚ್ಚು ಬೋಧಪ್ರದವಾಗಿ ತೋರಿರುವುದು. ಅದೇ ಜಾತಿಯ ಹುಳುಗಳನ್ನು ಕೋಸಿನ ಎಲೆಯ ಮೇಲೆ ಬೆಳೆಯಿಸಿದರು. ಅವೂ ಚಿಟ್ಟೆಗಳಾದುವು. ಅದೇ ಬಣ್ಣ, ಅದೇ ಪಟ್ಟೆ, ಅದೇ ಠೀವಿ. ಆದರೆ ಹಕ್ಕಿಯು ಅವುಗಳನ್ನು ನುಂಗಿ ಯಾವ ಬಾಧೆಯೂ ಇಲ್ಲದೆ ಇದ್ದಿತು.

ಕೋಸಿನೆಲೆ ತಿಂದು ಬೆಳೆದ ಪತ್ರಿಕೆಗಳನ್ನು ನಾವು ದಿನವೂ ನೋಡುತ್ತಿರುವೆವಷ್ಟೆ. ದಪ್ಪಕ್ಷರದ ತಲೆಬರಹ, ಗುಡುಗುವ ಮಾತು, ದೂರದರ್ಶನದಲ್ಲಿಯಾದರೆ ಮೇಜು ಗುದ್ದುವ ಸದ್ದು. ಒಳಗೆ ನೋಡಿದರೆ ಒಂದು ತಾರೀಖಿಲ್ಲ, ಕಣ್ಣಾರೆ ಕಂಡವರ ಒಂದು ಸಾಕ್ಷ್ಯವಿಲ್ಲ. ಬಲಿಷ್ಠನಾದವನು ಇಂತಹದನ್ನು ನುಂಗಿ ಜೀರ್ಣಿಸಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಗಟ್ಟಿಯಾಗಿ ಕೂಗುವುದೇ ನಿರ್ಭೀತಿಯೆಂಬ ಭ್ರಮೆಯು ನಮ್ಮ ಕಾಲದಲ್ಲಿ ಬಹಳವಾಗಿ ಹಬ್ಬಿರುವುದು.

ಎಕ್ಕದೆಲೆಯನ್ನು ತಿಂದು ಬೆಳೆದ ಬರಹವೆಂದರೇನೆಂಬುದನ್ನು ತಿಳಿಯಬೇಕಾದರೆ ಐಡಾ ಬಿ. ವೆಲ್ಸ್ ಎಂಬ ಮಹಿಳೆಯ ಚರಿತ್ರೆಯನ್ನು ನೋಡಬೇಕು. ನಮ್ಮ ಶಾಲೆಯಂತಹ ಶಾಲೆಗಳಲ್ಲಿ ಓದಿದವರಿಗೆ ಈಕೆಯು ತೀರ ಪರಕೀಯಳಲ್ಲ. ಮೆಥೊಡಿಸ್ಟ್ ಸಭೆಯವರು ಬಿಡುಗಡೆ ಹೊಂದಿದ ಗುಲಾಮರ ಮಕ್ಕಳಿಗಾಗಿ ಸ್ಥಾಪಿಸಿದ ವಿದ್ಯಾಲಯದಲ್ಲಿಯೇ ಈಕೆಯು ಅಕ್ಷರ ಕಲಿತುದು. 1862ನೆಯ ಜುಲೈ 16ರಂದು ಅಮೇರಿಕಾ ಸಂಯುಕ್ತ ಸಂಸ್ಥಾನದ ಮಿಸಿಸಿಪಿ ಪ್ರಾಂತದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಹುಟ್ಟಿದಳು, ಹುಟ್ಟುವಾಗ ಗುಲಾಮಳು. 1878ರಲ್ಲಿ ಹಳದಿಜ್ವರದ ಮಾರಿಯು ಬಂದು ತಂದೆಯನ್ನೂ ತಾಯಿಯನ್ನೂ ಎಳೆಯ ತಮ್ಮನೊಬ್ಬನನ್ನೂ ಕೊಂಡೊಯ್ದಿತು. ಉಳಿದ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚಿಬಿಡುವೆವೆಂದು ಬಂಧುಮಿತ್ರರು ಮಾತಾಡಿಕೊಂಡಾಗ ಹದಿನಾರು ವರ್ಷದ ಐಡಾ ಅದಕ್ಕೊಪ್ಪದೆ, ವಯಸ್ಸನ್ನು ಹೆಚ್ಚಾಗಿ ಹೇಳಿ ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿ ಅವರನ್ನು ಸಾಕಿದಳು.

ಕಷ್ಟವು ಹೆಣ್ಣಿಗೆ ಒಳ್ಳೆಯದು, ಅದರಿಂದಲೇ ಬಲವು ಬರುವುದು ಎಂಬ ಮಾತನ್ನು ಪ್ರಾರ್ಥನಾಕೂಟಗಳಲ್ಲಿ ಆಗಾಗ ಕೇಳುತ್ತೇವೆ. ಕೋಶವನ್ನು ಕತ್ತರಿಸಿ ಚಿಟ್ಟೆಗೆ ನೆರವಾಗಹೋದ ಹುಡುಗನ ಕಥೆಯನ್ನು ಇದಕ್ಕೆ ದೃಷ್ಟಾಂತವಾಗಿ ಕೊಡುವರು. ನನಗೆ ಆ ಕಥೆಯು ಹಿಡಿಸದು. ತಾಯಿತಂದೆಗಳು ಬದುಕಿದ್ದರೆ ಐಡಾ ವೆಲ್ಸ್‌ಳ ಧೈರ್ಯವು ಕಡಿಮೆಯಾಗುತ್ತಿತ್ತೆಂದು ಯಾರು ಹೇಳಬಲ್ಲರು? ಎಕ್ಕದ ಹಾಲಿನಲ್ಲಿ ಎಷ್ಟೋ ಹುಳುಗಳು ಅಂಟಿಕೊಂಡು ಸಾಯುವುದೂ ಉಂಟು. ಕಹಿಯನ್ನು ಉಣ್ಣುವುದು ದೊಡ್ಡದಲ್ಲ; ಉಂಡ ಕಹಿಯಿಂದ ಏನು ಮಾಡಿದಳೆಂಬುದೇ ವಿಚಾರಿಸತಕ್ಕ ಮಾತು.

1884ರಲ್ಲಿ ರೈಲಿನಲ್ಲಿ ಹೆಂಗಸರ ಗಾಡಿಯಲ್ಲಿ ಕುಳಿತಿದ್ದ ಆಕೆಯನ್ನು, ಟಿಕೆಟ್ಟು ಕೊಂಡಿದ್ದರೂ, ಕಪ್ಪು ಬಣ್ಣದವಳೆಂಬ ಕಾರಣಕ್ಕೆ ಎಳೆದು ಹೊರಹಾಕಿದರು. ಆಕೆಯು ರೈಲು ಕಂಪೆನಿಯ ಮೇಲೆ ದಾವೆ ಹೂಡಿ ಗೆದ್ದಳು. ಕೋರ್ಟು 500 ಡಾಲರುಗಳ ಪರಿಹಾರವನ್ನು ಕೊಡಿಸಿತು. 1887ರಲ್ಲಿ ಟೆನೆಸಿ ಪ್ರಾಂತದ ಉಚ್ಚನ್ಯಾಯಸ್ಥಾನವು ಆ ತೀರ್ಪನ್ನು ತಳ್ಳಿಹಾಕಿತು. ಈ ಅನುಭವವನ್ನೇ ಬರೆದು ಪತ್ರಿಕೆಗಳಿಗೆ ಕಳುಹುತ್ತ ಬಂದ ಆಕೆಯು 1889ರಲ್ಲಿ ಮೆಂಫಿಸ್ ನಗರದ ‘ಫ್ರೀ ಸ್ಪೀಚ್’ ಎಂಬ ಪತ್ರಿಕೆಗೆ ಪಾಲುದಾರಳೂ ಸಂಪಾದಕಳೂ ಆದಳು. ಕಪ್ಪು ಮಕ್ಕಳ ಶಾಲೆಗಳ ದುರವಸ್ಥೆಯನ್ನು ಬರೆದುದಕ್ಕಾಗಿ 1891ರಲ್ಲಿ ಉಪಾಧ್ಯಾಯಿನಿಯ ಕೆಲಸವು ಹೋಯಿತು.

ಆ ಪತ್ರಿಕೆಯ ಬಣ್ಣದ ವಿಷಯವಾಗಿ ಒಂದು ಸ್ವಾರಸ್ಯವಾದ ಸಂಗತಿಯುಂಟು. ಓದುಬಾರದ ಜನರೂ ‘ಫ್ರೀ ಸ್ಪೀಚ್’ ಪತ್ರಿಕೆಯನ್ನು ಕೊಂಡು ಅಕ್ಷರ ಬಲ್ಲವರಿಂದ ಓದಿಸಿ ಕೇಳುತ್ತಿದ್ದರು. ಮಾರುವ ಹುಡುಗರು ಅವರ ಅಜ್ಞಾನವನ್ನು ಉಪಯೋಗಿಸಿಕೊಂಡು ಬೇರಾವುದೋ ಪತ್ರಿಕೆಯನ್ನು ಕೈಗಿತ್ತು ದುಡ್ಡು ಕಸಿಯುತ್ತಿದ್ದರು. ಇದನ್ನರಿತ ಐಡಾ ವೆಲ್ಸ್ ತನ್ನ ಪತ್ರಿಕೆಯನ್ನು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚುಹಾಕಿಸಿದಳು. ಅಂದಿನಿಂದ ಯಾರೂ ಮೋಸಹೋಗಲಿಲ್ಲ. ನಮ್ಮ ಎಕ್ಕದ ಪಾತರಗಿತ್ತಿಗೂ ಇದೇ ತೊಂದರೆಯಿದೆ! ಎಕ್ಕವನ್ನು ಎಂದೂ ಮುಟ್ಟದ ಬೇರೊಂದು ಜಾತಿಯ ಹೆಣ್ಣು ಚಿಟ್ಟೆಯು ಕಿತ್ತಳೆ, ಕಪ್ಪು, ಬಿಳಿಯ ಅದೇ ವೇಷವನ್ನು ಹಾಕಿಕೊಂಡು ಹಕ್ಕಿಗಳನ್ನು ವಂಚಿಸುತ್ತ ಬಾಳುವುದು. ಇಂತಹ ವೇಷಧಾರಣೆಯನ್ನು ಹೆನ್ರಿ ಬೇಟ್ಸ್ ಎಂಬವನು ದಕ್ಷಿಣ ಅಮೇರಿಕೆಯ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ಪ್ರಕಟಿಸಿದನು. ಐಡಾ ವೆಲ್ಸ್ ಹುಟ್ಟಿದ ವರ್ಷವೂ ಅದೇ. ವೇಷಧಾರಿಗಳು ಹೆಚ್ಚಿದಷ್ಟೂ ನಿಜವಾದ ಪಾತರಗಿತ್ತಿಯ ಕ್ಷೇಮವು ಕೆಡುವುದೆಂದು ಪಂಡಿತರು ಹೇಳುವರು; ಸಿಹಿಯಾದ ಕಿತ್ತಳೆಯ ಚಿಟ್ಟೆಗಳನ್ನು ಪದೇಪದೇ ನುಂಗಿದ ಹಕ್ಕಿಯು ಬಣ್ಣಕ್ಕೆ ಹೆದರುವುದನ್ನು ಬಿಟ್ಟುಬಿಡುವುದು. ಕೈಯಲ್ಲಿರುವ ದೂರವಾಣಿಗೆ ಗಳಿಗೆಗೊಂದರಂತೆ ಬಂದು ಬೀಳುವ ಸುಳ್ಳು ಸಮಾಚಾರಗಳಿಂದ ನಿಜವಾದ ಸಮಾಚಾರಕ್ಕೆ ಒದಗಿರುವ ಗತಿಯೂ ಇದೇ ಅಲ್ಲವೆ?

ಇರಲಿ. 1892ನೆಯ ಮಾರ್ಚ್ 9ರಂದು ಮೆಂಫಿಸಿನಲ್ಲಿ ಐಡಾಳ ಸ್ನೇಹಿತನಾದ ಟಾಮಸ್ ಮಾಸ್ ಎಂಬ ಅಂಚೆಯವನನ್ನೂ ಅವನ ಇಬ್ಬರು ಜೊತೆಗಾರರನ್ನೂ ಬಿಳಿಯರ ಗುಂಪೊಂದು ಸೆರೆಮನೆಯಿಂದ ಎಳೆದೊಯ್ದು ಗುಂಡಿಟ್ಟು ಕೊಂದಿತು. ಅವರು ತೆರೆದಿದ್ದ ದಿನಸಿಯ ಅಂಗಡಿಯು ಬಿಳಿಯ ವರ್ತಕನೊಬ್ಬನ ವ್ಯಾಪಾರಕ್ಕೆ ಎದುರಾಗಿದ್ದುದೇ ಜಗಳದ ಮೂಲ. ಅಂದಿನವರೆಗೆ, ಇಂತಹ ಕೊಲೆಗಳಿಗೆ ಗುರಿಯಾಗುವವರು ಹೆಂಗಸರ ಮಾನಕ್ಕೆ ಕೈಹಾಕಿದ ದುಷ್ಟರೇ ಇರಬೇಕೆಂದು ಬಹುಮಂದಿ ನಂಬಿದ್ದರು. ಐಡಾಳೂ ಸ್ವಲ್ಪಮಟ್ಟಿಗೆ ನಂಬಿದ್ದಳು. ಸಾಧುವಾದ ಮಾಸನ ಮರಣವು ಆ ನಂಬಿಕೆಯನ್ನು ಮುರಿಯಿತು. ಆಕೆಯು ಅತ್ತು ಕೂರಲಿಲ್ಲ, ಬೈಗುಳವನ್ನೂ ಬರೆಯಲಿಲ್ಲ. ಇಂತಹ ಕೊಲೆಗಳು ನಡೆದ ಊರುಗಳಿಗೆ ಹೋಗಿ, ಕಂಡವರನ್ನು ಕೇಳಿ, ಹೆಸರು, ದಿನ, ಕಾರಣಗಳನ್ನು ಒಂದೊಂದಾಗಿ ಬರೆದಿಟ್ಟಳು. ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಮಾನಭಂಗದ ಆರೋಪವೇ ಇರಲಿಲ್ಲವೆಂಬುದು ಹೊರಬಂದಿತು. ಮೇ 21ರಂದು ಆಕೆಯ ಲೇಖನವು ಪ್ರಕಟವಾಯಿತು. ಮೇ 27ರಂದು ಗುಂಪು ನುಗ್ಗಿ ಮುದ್ರಣಾಲಯವನ್ನು ಧ್ವಂಸಮಾಡಿತು. ಆಕೆಯು ಪರಸ್ಥಳಕ್ಕೆ ಹೋಗಿದ್ದುದರಿಂದ ಬದುಕಿದಳು. ಹಿಂದಿರುಗಿದರೆ ಕೊಲ್ಲುವೆವೆಂದು ಹೇಳಿಕಳುಹಿಸಿದರು.

ಆಮೇಲೆ ಆಕೆಯು ಮಾಡಿದ ಕೆಲಸದಲ್ಲಿ ಪತ್ರಿಕಾಧರ್ಮದ ಸಾರವೆಲ್ಲವೂ ಅಡಗಿರುವುದು. ನ್ಯೂಯಾರ್ಕಿನಲ್ಲಿ ಕುಳಿತು ಬರೆಯುವಾಗಲೂ, 1895ರಲ್ಲಿ ‘ಎ ರೆಡ್ ರೆಕಾರ್ಡ್’ ಎಂಬ ಪುಸ್ತಕವನ್ನು ಪ್ರಕಟಿಸುವಾಗಲೂ ಆಕೆಯು ಅಂಕಿಗಳನ್ನು ತನ್ನ ಪಕ್ಷದವರಿಂದ ತೆಗೆದುಕೊಳ್ಳಲಿಲ್ಲ. ಬಿಳಿಯರ ಪತ್ರಿಕೆಯೇ ಆದ ‘ಷಿಕಾಗೋ ಟ್ರಿಬ್ಯೂನ್’ ವರ್ಷವರ್ಷವೂ ಅಚ್ಚುಮಾಡಿದ್ದ ಪಟ್ಟಿಗಳನ್ನು ಆರಿಸಿಕೊಂಡು, ನಿಮ್ಮ ಬಾಯಿಂದಲೇ ಬಂದುದಿದು, ಇಲ್ಲವೆನ್ನಿರಿ ನೋಡೋಣ ಎಂಬಂತೆ ಮುಂದಿಟ್ಟಳು. ನುಂಗಲು ಬಂದವರ ಬಾಯಿಗೆ ಕಹಿಯಾದುದು ಆಕೆಯ ದನಿಯಲ್ಲ, ಆ ಪಟ್ಟಿ. 1893ರಲ್ಲಿಯೂ 1894ರಲ್ಲಿಯೂ ಇಂಗ್ಲೆಂಡಿಗೆ ಹೋಗಿ ದೇವಾಲಯಗಳಲ್ಲಿಯೂ ಸಭೆಗಳಲ್ಲಿಯೂ ಮಾತಾಡಿದಳು. ಮದುವೆಯಾಗಿ ತಾಯಿಯಾದ ಮೇಲೆ ಮೊಲೆಯುಣ್ಣುವ ಕೂಸನ್ನೆತ್ತಿಕೊಂಡೇ ಊರೂರು ತಿರುಗಿದಳು. ಈ ಕೆಲಸವನ್ನು ಕೈಕೊಂಡರೆ ಸಂಸಾರವು ಕೂಡಿಬರಲಾರದೆಂದು ಅಂಜುವ ತಾಯಂದಿರು ಇದನ್ನೂ ಸ್ವಲ್ಪ ಯೋಚಿಸಬಹುದು.

1931ನೆಯ ಮಾರ್ಚ್ 25ರಂದು ಆಕೆಯು ತೀರಿಕೊಂಡಾಗ ಗುಂಪುಕೊಲೆಯನ್ನು ತಡೆಯುವ ಕಾನೂನು ಅಮೇರಿಕಾ ರಾಷ್ಟ್ರದಲ್ಲಿ ಆಗಿರಲಿಲ್ಲ. ಅದು ಆದುದು 2022ನೆಯ ಮಾರ್ಚ್ 29ರಂದು. ಪುಲಿಟ್ಜರ್ ಮಂಡಲಿಯವರು ಆಕೆಯ ಪತ್ರಿಕಾಕಾರ್ಯವನ್ನು ವಿಶೇಷವಾಗಿ ಗೌರವಿಸಿದುದು 2020ರಲ್ಲಿ. ಬರೆದವಳು ಫಲವನ್ನು ಕಣ್ಣಾರೆ ಕಾಣಲಿಲ್ಲ.

ಇಲ್ಲಿ ನನ್ನ ಉಪಮಾನವು ಕುಂಟುವುದೆಂದು ಒಪ್ಪಿಕೊಳ್ಳುವೆನು. ಪಾತರಗಿತ್ತಿಯ ಕಹಿಯು ಅದರ ಕುಲವನ್ನು ಕಾಯುವುದು. ಆದರೆ ಹಕ್ಕಿಯು ಪಾಠವನ್ನು ಕಲಿಯುವುದು ಯಾವುದೋ ಒಂದನ್ನು ಕುಕ್ಕಿದ ಮೇಲೆಯೇ. ಈ ಜಾತಿಯ ಚಿಟ್ಟೆಗಳ ಮೈ ಗಡುಸಾಗಿರುವುದರಿಂದ ಕೊಕ್ಕಿನಿಂದ ಬಿಡಿಸಿಕೊಂಡು ಹರಿದ ರೆಕ್ಕೆಯೊಡನೆ ಹಾರಿಹೋಗುವುದುಂಟು. ಎಲ್ಲವಕ್ಕೂ ಆ ಭಾಗ್ಯವಿಲ್ಲ. 2017ನೆಯ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಕನ್ನಡದ ಪತ್ರಿಕಾಸಂಪಾದಕಿ ಗೌರಿ ಲಂಕೇಶರು ತಮ್ಮ ಮನೆಯ ಬಾಗಿಲಿನಲ್ಲಿಯೇ ಗುಂಡೇಟಿಗೆ ಬಲಿಯಾದುದನ್ನು ಬಲ್ಲ ತಾಯಿತಂದೆಗಳಿಗೆ, ಏನೂ ಆಗದು ಕಳುಹಿಸಿರಿ ಎಂದು ಹೇಳುವುದು ಅಪ್ರಾಮಾಣಿಕತೆ. ಹಕ್ಕಿಗಿರುವಷ್ಟು ನೆನಪು ಮನುಷ್ಯಸಮಾಜಕ್ಕೆ ಇದೆಯೇ ಎಂಬುದೂ ಸಂದೇಹ. ಇನ್ನೂ ಒಂದು ಭೇದವುಂಟು: ಹುಳುವಿಗೆ ಎಕ್ಕವನ್ನು ಬಿಟ್ಟು ಬೇರೆ ದಾರಿಯಿಲ್ಲ, ಐಡಾ ವೆಲ್ಸ್‌ಗೆ ಇತ್ತು. ಸುಮ್ಮನಿದ್ದಿದ್ದರೆ ಆಕೆಯು ಮೆಂಫಿಸಿನಲ್ಲಿ ಸುಖವಾಗಿರಬಹುದಾಗಿತ್ತು. ದಾವೀದರಾಜನ ಮುಂದೆ ನಿಂತು ಅವನ ಪಾಪವನ್ನು ಅವನಿಗೇ ತೋರಿಸಿಕೊಟ್ಟ ನಾತಾನನ ಕಥೆಯನ್ನು ನಮ್ಮ ಮಕ್ಕಳಿಗೆ ಸತ್ಯವೇದದ ಪಾಠದಲ್ಲಿ ಕಲಿಸುವೆವು. ಹೆರೋದನಿಗೆ ಅದೇ ಬಗೆಯ ಮಾತನ್ನು ಹೇಳಿದ ಸ್ನಾನಿಕನಾದ ಯೋಹಾನನಿಗೆ ಏನಾಯಿತೆಂಬುದನ್ನೂ ಕಲಿಸುವೆವು. ಎರಡನ್ನೂ ಕಲಿಸಿ, ಆಮೇಲೆ ಮಗಳು ಆ ದಾರಿಯನ್ನು ಹಿಡಿದರೆ ಬೆಚ್ಚುವುದು ಹೇಗೆ?

ಕನ್ನಡನಾಡಿನ ಹೆಣ್ಣುಮಕ್ಕಳಿಗೆ ಈ ದಾರಿಯು ಹೊಸದೂ ಅಲ್ಲ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ನೆಯ ಜುಲೈ 1ರಂದು ಹೊರಡಿಸಿದವರು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು, ಶಾಲೆಯನ್ನೂ ಅಚ್ಚುಕೂಟವನ್ನೂ ಒಟ್ಟಿಗೆ ಎಣಿಸಿದ ಪರಂಪರೆಯದು. ಬಾಲ್ಯದಲ್ಲಿಯೇ ವೈಧವ್ಯವನ್ನು ಹೊಂದಿದ ನಂಜನಗೂಡು ತಿರುಮಲಾಂಬರು 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ‘ಕರ್ನಾಟಕ ನಂದಿನೀ’ ಪತ್ರಿಕೆಯನ್ನು ತಾವೇ ನಡೆಸಿದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ತೊಡಗಿದ ‘ಸರಸ್ವತಿ’ಯನ್ನು ದಶಕಗಳ ಕಾಲ ಬಿಡದೆ ನಡೆಸಿದರು. ಮನೆಯ ಮೂಲೆಯಲ್ಲಿ ಕುಳ್ಳಿರಿಸಲ್ಪಟ್ಟಿದ್ದವರು ಅವರು.

ಹಾಗಾದರೆ ಶಾಲೆಯು ಮಾಡಬೇಕಾದುದೇನು? ಎಲ್ಲ ಹುಡುಗಿಯರೂ ಪತ್ರಿಕಾಕರ್ತೆಯರಾಗಬೇಕೆಂದು ನಾನು ಹೇಳುವುದಿಲ್ಲ. ಆದರೆ ಹುಳುವಾಗಿದ್ದಾಗ ತಿಂದುದೇ ರೆಕ್ಕೆ ಬಂದಾಗ ಉಳಿಯುವುದೆಂಬ ಸಂಗತಿಯು ಶಾಲೆ ನಡೆಸುವವರಿಗೆ ಸಂಬಂಧಪಟ್ಟುದು. 2008ರಲ್ಲಿ ಅಮೇರಿಕೆಯ ಸಂಶೋಧಕರು, ಹುಳುವಾಗಿದ್ದಾಗ ಕಲಿತ ವಾಸನೆಯ ಪಾಠವನ್ನು ಪತಂಗವೊಂದು ರೆಕ್ಕೆ ಬಂದ ಮೇಲೆಯೂ ಮರೆತಿರಲಿಲ್ಲವೆಂದು ಪರೀಕ್ಷಿಸಿ ತೋರಿಸಿದರು. ಕೋಶದೊಳಗೆ ಮೈಯ ಬಹುಭಾಗವು ಕರಗಿ ಹೊಸದಾಗುವಾಗಲೂ ಕಲಿತುದು ಉಳಿದಿತ್ತು!

ನಮ್ಮ ಶಾಲೆಗಳ ಕೈಬರಹದ ಪತ್ರಿಕೆಗಳನ್ನು ತೆರೆದು ನೋಡಿರಿ. ಸೂರ್ಯೋದಯದ ವರ್ಣನೆ, ತಾಯಿಯ ಮಮತೆ, ಸಮಯದ ಬೆಲೆ, ಯಾರೋ ಬರೆದ ನೀತಿಕಥೆಯ ನಕಲು. ಅಕ್ಷರವು ದುಂಡಗೆ, ಅಂಚಿನಲ್ಲಿ ಚಿಟ್ಟೆ. ಇದೆಲ್ಲವೂ ಕೋಸಿನೆಲೆ. ಒಬ್ಬ ಹುಡುಗಿಯು ಶಾಲೆಯ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬಂದಿತೆಂದು ಬರೆದು ತಂದರೆ, ಸ್ಮರಣಸಂಚಿಕೆಗೆ ಇದು ಒಪ್ಪುವುದಿಲ್ಲ ಕಂದಾ, ಒಂದು ಪದ್ಯ ಬರೆದುಕೊಂಡು ಬಾ ಎಂದು ನಯವಾಗಿ ಹೇಳಿ ಹಿಂದಿರುಗಿಸುವುದು ಎಷ್ಟು ಕಡೆಗಳಲ್ಲಿ ನಡೆದಿಲ್ಲ! ಹಾಗೆ ಹೇಳುವವರು ಕೆಟ್ಟವರಲ್ಲ. ಶಾಲೆಯ ಮಾನವನ್ನು ಕಾಯುವವರು. ಆದರೆ ಆ ದಿನ ಹುಡುಗಿಯು ಕಲಿತ ಪಾಠವು ಯಾವುದೆಂಬುದನ್ನು ಅವರು ಯೋಚಿಸಬೇಕು.

ನನ್ನ ಬಿನ್ನಹವು ಸಣ್ಣದು. ಒಂಬತ್ತನೆಯ ತರಗತಿಯಿಂದ ಮೇಲೆ ಪ್ರತಿಯೊಂದು ತರಗತಿಗೂ ಗೆರೆಯೆಳೆದ ದಪ್ಪ ಪುಸ್ತಕವೊಂದಿರಲಿ. ಅದರಲ್ಲಿ ತಾರೀಖು, ಹೊತ್ತು, ಸ್ಥಳ, ಕಣ್ಣಾರೆ ಕಂಡುದೋ ಬೇರೆಯವರಿಂದ ಕೇಳಿದುದೋ, ಕೇಳಿದುದಾದರೆ ಯಾರಿಂದ ಎಂಬ ಅಂಕಣಗಳಿರಲಿ. ಬಸ್ಸು ಎಷ್ಟು ದಿನ ತಡವಾಯಿತು, ದಾರಿಯ ಯಾವ ತಿರುವಿನಲ್ಲಿ ಪೋಕರಿಗಳು ನಿಲ್ಲುವರು, ಮಧ್ಯಾಹ್ನದ ಅನ್ನದಲ್ಲಿ ಕಲ್ಲು ಸಿಕ್ಕಿದುದು ಎಂದು, ತರಗತಿಯನ್ನು ಬಿಟ್ಟು ಮದುವೆಯಾಗಿ ಹೋದ ಗೆಳತಿಯ ವಯಸ್ಸೆಷ್ಟು, ಇವುಗಳನ್ನು ಹುಡುಗಿಯರು ಬರೆಯಲಿ. ತಪ್ಪಿದ್ದರೆ ಉಪಾಧ್ಯಾಯಿನಿಯರು ಹೊಡೆದುಹಾಕದೆ, ಮತ್ತೆ ಹೋಗಿ ಕೇಳಿಕೊಂಡು ಬಾ ಎಂದು ಕಳುಹಲಿ. ಹೆಸರು ಹೇಳಿದರೆ ಯಾರಿಗೆ ಕೇಡಾಗುವುದೋ ಅವರ ಹೆಸರನ್ನು ಮರೆಸುವುದನ್ನೂ ಅದರಲ್ಲಿಯೇ ಕಲಿಯಲಿ. ವರ್ಷಕ್ಕೊಮ್ಮೆ, ತಾಯಿತಂದೆಗಳ ಸಭೆಯ ದಿನ, ಆ ಪುಸ್ತಕಗಳನ್ನು ಕಸೂತಿಯ ಕೆಲಸ ಮತ್ತು ಚಿತ್ರಗಳ ಪಕ್ಕದಲ್ಲಿ ಮೇಜಿನ ಮೇಲಿಟ್ಟರೆ, ಬಂದವರು ನಿಂತು ಓದುವುದು ಅವುಗಳನ್ನೇ ಎಂದು ನನ್ನ ಊಹೆ. ಹಳೆಯ ವಿದ್ಯಾರ್ಥಿನಿಯರ ಸಂಘದವರು ಪುಸ್ತಕಗಳ ಖರ್ಚನ್ನು ವಹಿಸಿಕೊಳ್ಳಬಹುದು. ಅದು ಈ ಸಂಚಿಕೆಯ ಬಣ್ಣದ ಹೊದಿಕೆಗೆ ತಗಲಿದ ಖರ್ಚಿಗಿಂತ ಹೆಚ್ಚಾಗಲಾರದು.